ಒಬ್ಬರಿಗೇ ಬೀಳುವ ಕನಸು

ಅನುರಾಧಾ ಹಿತ್ತಲ ಕಟ್ಟೆಯ ಮೇಲೆ ಕೂತು ವಿಭೂತಿ ಗಟ್ಟಿ ಕುಟ್ಟುತ್ತಿದ್ದಳು. ಖಾರ ಕುಟ್ಟುವ ಕಲ್ಲನ್ನೇ ತಿಕ್ಕಿ ತೊಳೆದು ಬಿಸಿಲಿಗೆ ಒಣಗಿಸಿಕೊಂಡಿದ್ದಳು. ಗಟ್ಟಿ ಪುಡಿಯಾಗುವವರೆಗೂ ಕುಟ್ಟುವುದು, ಹಳೆಯ ಧೋತರದ ತುಂಡಿನಲ್ಲಿ ಸೋಸುವುದು, ಉಳಿದ ನುಚ್ಚನ್ನು ಮತ್ತೆ ಕಲ್ಲಿಗೆ ಸುರಿಯುವುದು. ಎದುರಿಗೆ ಮಗಳು ಪೂನಂ ಬಿಲ್ವಪತ್ರಿಯನ್ನು ಕಡ್ಡಿಯಿಂದ ಬಿಡಿಸಿ ಬುಟ್ಟಿಗೆ ಹಾಕುತ್ತಿದ್ದಳು. ಇಬ್ಬರೂ ಮಾತಾಡಲಿಲ್ಲ. ಅಳು ಬಂದವರು ಮಾತಾಡುವುದಿಲ್ಲ. ಅಳು ಬಾರದವರೂ ಮಾತಾಡುವುದಿಲ್ಲ. ನೋಡಿದವರಿಗೆ ಎರಡೂ ಒಂದೇ ಥರ ಕಾಣುತ್ತದೆ.

ಒಳಗೆ ಪಡಸಾಲೆಯಲ್ಲಿ ಅತ್ತೆ ಲಲಿತಾಬಾಯಿಯನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆಗೆ ಮೂರು ಬೆರಳಿನ ವಿಭೂತಿ, ಎಡ ಅಂಗೈಯಲ್ಲಿ ಲಿಂಗ, ಗದ್ದ ಜೋಲಬಾರದೆಂದು ತಲೆಯ ಸುತ್ತ ಬಿಗಿದ ಬಿಳಿ ಪಟ್ಟಿ. ನಿನ್ನೆ ಸಂಜೆ ಚಹಾ ಕುಡಿದು, ಕಪ್ಪನ್ನು ಬಸಿಯ ಮೇಲೆ ಬೋರಲಿಟ್ಟು, ಗೋಡೆಗೆ ತಲೆ ಹಚ್ಚಿದ ಜೀವ ಮತ್ತೆ ಏಳಲಿಲ್ಲ. ಎಪ್ಪತ್ತು ದಾಟಿತ್ತು. ಹುಮನಾಬಾದಿನ ಬೇಳೆ ಅಂಗಡಿಗಳ ಓಣಿಗೆ ಇದೇನು ದೊಡ್ಡ ಸುದ್ದಿಯಲ್ಲ. ಆದರೂ ಓಣಿಗೆ ಓಣಿಯೇ ಬಂದು ಕೂತಿತ್ತು. ಲಲಿತಾಬಾಯಿಯ ಕನಸು ತಟ್ಟದ ಮನೆ ಅಲ್ಲಿ ಒಂದೂ ಇರಲಿಲ್ಲ.

ಅನುರಾಧಾ ವಿಭೂತಿಯ ತಾಟು ಹಿಡಿದು ಒಳಗೆ ಬಂದಾಗ ಹೆಂಗಸರು ಅದನ್ನೇ ಮಾತಾಡುತ್ತಿದ್ದರು.

"ಎಂಥಾ ಕನಸು ಬೀಳ್ತಿದ್ವು ನಮ್ಮವ್ವಗ! ನಮ್ಮ ಮನಿ ಬೋರ್ ಹಾಕ್ಸಿದ್ದು ಆಕಿ ಕನಸಿನ ಮ್ಯಾಲೇ. ಬೇವಿನ ಗಿಡದ ಬುಡಕ್ಕ ಹಾಕ್ಸ್ರಿ ಅಂದಿದ್ಳು."

"ನೀರು ಬಿತ್ತೇನು?"

"ಎಲ್ಲಿ ನೀರು, ಬರೇ ಧೂಳು ಬಂತು. ಅದು ನಮ್ಮ ನಸೀಬು ಬಿಡು. ಅದಕ್ಕ ಆಕಿ ಕನಸೇನು ಮಾಡ್ತದ?"

ಯಾರೋ ಸೆರಗು ಬಾಯಿಗೆ ಹಚ್ಚಿಕೊಂಡು ನಕ್ಕರು. ನಕ್ಕದ್ದು ಕಾಣಬಾರದೆಂದು ತಕ್ಷಣ ಮೂಗು ಸೇದಿದರು.

ಗಂಡನ ಚಿಕ್ಕಪ್ಪ ಧನರಾಜ ಕಾಕಾ ಬಾಗಿಲಲ್ಲಿ ನಿಂತು ಗಡಿಯಾರ ನೋಡಿದ. ಮಣ್ಣು ಕೊಡುವ ಕೆಲಸಕ್ಕೆಲ್ಲ ಅವನದೇ ಯಜಮಾನಿಕೆ. "ಶರಣು, ನಿಮ್ಮ ಮಾಮಾಗ ಫೋನ್ ಹಚ್ಚಪಾ. ನಾಕಕ್ಕ ಎತ್ತಬೇಕಂತ ಅಯ್ಯನೋರು ಹೇಳ್ಯಾರ. ತವರಿನ ಸೀರಿ ಬರದ ಹ್ಯಾಂಗ ಎತ್ತೋದು?"

ಗಂಡನ ಮನೆಯಲ್ಲಿ ಸತ್ತ ಹೆಣ್ಣಿಗೆ ಕೊನೆಯ ಸೀರೆ ತವರಿನದು. ಅದು ಬಂದು ಮೈಮೇಲೆ ಬೀಳುವವರೆಗೆ ಹೆಣ ಹೊಸ್ತಿಲು ದಾಟುವುದಿಲ್ಲ. ಲಲಿತಾಬಾಯಿಯ ತವರು ಬಸವಕಲ್ಯಾಣ. ತವರೆಂದರೆ ಈಗ ಉಳಿದವನು ತಮ್ಮ ಬಸವಣಪ್ಪ ಒಬ್ಬನೇ.

ಅನುರಾಧಾಳ ಗಂಡ ಶರಣಕುಮಾರ ಸ್ಪೀಕರ್ ಹಚ್ಚಿದ. ಮುದುಕನ ದನಿ ಪಡಸಾಲೆ ತುಂಬಿತು. ಫೋನಿನಲ್ಲಿ ಮೆಲ್ಲಗೆ ಮಾತಾಡಿದರೂ ಕೇಳುತ್ತದೆಂಬುದು ಬಸವಣಪ್ಪನಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ.

"ಬರಾಕತ್ತೀನಪಾ! ಅಕ್ಕಗ ಬದನಿಕಾಯಿ ಬಣ್ಣ ಭಾಳ ಸೇರತದ. ಯಾ ಅಂಗಡ್ಯಾಗೂ ಸಿಗಲಿಲ್ಲ. ಇಡೀ ಕಲ್ಯಾಣ ತಿರಗಿ ಈಗ ತಗೊಂಡೀನಿ! ಬಸ್ ಹೋಗ್ಯಾದ, ಟಂಟಂ ರಿಕ್ಷಾ ಹಿಡದೀನಿ! ಎತ್ತಬ್ಯಾಡ್ರಿ!"

"ಎತ್ತಂಗಿಲ್ಲ ಮಾಮಾ, ನೀವು ಸಾವಕಾಶ ಬರ್ರಿ," ಅಂದ ಶರಣಕುಮಾರ. ಅವನ ಕಣ್ಣು ತುಂಬಿದ್ದವು.

ಅನುರಾಧಾ ತಾಟನ್ನು ಅತ್ತೆಯ ಕಾಲ ಬಳಿ ಇಟ್ಟಳು. ಈ ಸೀರೆಯ ಮಾತು ಅವಳಿಗೆ ಬಾಯಿಪಾಠವಾಗಿತ್ತು. "ನಮ್ಮ ತಮ್ಮ ಸೀರಿ ತಂದು ಉಡಸಬೇಕು, ನನ್ನ ಮಾರಿ ನೋಡಬೇಕು, ಆಮ್ಯಾಲೇ ನನ್ನ ಎತ್ತಬೇಕು ನೋಡ್ರಿ." ವರ್ಷಕ್ಕೆ ಹತ್ತು ಸಲವಾದರೂ ಲಲಿತಾಬಾಯಿ ಹೇಳುತ್ತಿದ್ದಳು. ಅವಳ ಬಾಕಿ ಆಸೆಗಳೆಲ್ಲ ಕನಸಿನ ವೇಷ ಹಾಕಿಕೊಂಡೇ ಹೊರಗೆ ಬರುತ್ತಿದ್ದವು. ಇದೊಂದು ಮಾತ್ರ ಬರಿಮೈಯಲ್ಲಿ ಬರುತ್ತಿತ್ತು. ಹಾಗಾಗಿ ಅದು ಖರೆ ಅಂತ ಅನುರಾಧಾಗೆ ಗೊತ್ತಿತ್ತು. ಎಲ್ಲಿ ಹೊಡೆದರೆ ನೋಯುತ್ತದೆ ಅಂತಲೂ ಗೊತ್ತಾಗಿತ್ತು.

*

ಆ ಮನೆಯಲ್ಲಿ ಕನಸು ಬೀಳುತ್ತಿದ್ದುದು ಒಬ್ಬರಿಗೇ.

ಬೆಳಗಿನ ಮೊದಲ ಚಹಾ ಮುಗಿಯುವವರೆಗೆ ಯಾರೂ ದೊಡ್ಡ ದನಿ ತೆಗೆಯುವಂತಿರಲಿಲ್ಲ. ಲಲಿತಾಬಾಯಿ ಬಸಿಯಿಂದ ಕೊನೆಯ ಗುಟುಕು ಹೀರಿ, ಸೆರಗಿನಿಂದ ತುಟಿ ಒರೆಸಿಕೊಂಡು, "ಇವತ್ತ ಬೆಳಗಿನ ಜಾವ ಏನ ಆತಂದ್ರ," ಅನ್ನುವಳು. ಮಾವ ಅಂಗಡಿಯ ಕೀಲಿ ಕೆಳಗಿಡುವನು. ಮಗ ಬೂಟಿನ ಲೇಸು ಕಟ್ಟುವುದನ್ನು ಅರ್ಧಕ್ಕೆ ಬಿಡುವನು. ಆ ಕನಸಿನಿಂದ ಎಮ್ಮೆ ಮಾರಿಹೋಯಿತು, ಹಿತ್ತಲ ಬಾಗಿಲು ಪೂರ್ವದಿಂದ ಉತ್ತರಕ್ಕೆ ಬಂತು, ಗೊತ್ತಾಗಿದ್ದ ಒಂದು ಸಂಬಂಧ ಮುರಿಯಿತು. ಪೂನಂ ಹತ್ತನೇ ತರಗತಿ ಪಾಸಾದ ವರ್ಷ, ಹುಡುಗಿ ಬಸ್ಸಿನಿಂದ ಇಳಿದದ್ದು ಕಂಡಿತು, ಇಳಿದವಳಿಗೆ ಪಾದಗಳಿರಲಿಲ್ಲ ಅಂತ ಒಂದು ಕನಸು ಬಿತ್ತು. ಕಾಲೇಜು ಅಲ್ಲಿಗೆ ನಿಂತಿತು.

ಅನುರಾಧಾಳ ಪಾಲಿಗೆ ಬಂದ ಕನಸು ಅದಕ್ಕೂ ಹಳೆಯದು. ಪೂನಂ ಆಗ ಅಂಬೆಗಾಲಿಡುತ್ತಿದ್ದಳು. ನಾದಿನಿಯ ನಿಶ್ಚಯಕ್ಕೆ ಮರುದಿನ ಬೀಗರು ಬರುವವರಿದ್ದರು. ಬೆಳಿಗ್ಗೆ ಅಂಗಡಿಯ ಫೋನಿಗೆ ಅವಳ ತವರೂರು ಕೊಹಿನೂರಿನಿಂದ ಸುದ್ದಿ ಬಂತು: ಅನುರಾಧಾಳ ಅಪ್ಪ ಹೊಲದಲ್ಲೇ ಕುಸಿದು ಹೋಗಿದ್ದಾನೆ, ಸಂಜೆ ಮಣ್ಣು, ಮಗಳು ಬರುವವರೆಗೆ ಕಾಯುತ್ತೇವೆ.

ಅನುರಾಧಾ ಕೂಸನ್ನು ಸೊಂಟಕ್ಕೆ ಹಾಕಿಕೊಂಡು ಹೊಸ್ತಿಲಿಗೆ ಬಂದಿದ್ದಳು. ಲಲಿತಾಬಾಯಿ ಬಸಿ ಕೆಳಗಿಟ್ಟಳು.

"ಈಗ ನೆನಪಾತು ನೋಡ್ರಿ. ಇವತ್ತ ಬೆಳಗಿನ ಜಾವ ಏನ ಆತಂದ್ರ, ಸೊಸಿ ಊರ ಸೀಮಿ ದಾಟಿದ್ಳು. ದಾಟಿದ ಕೂಡ್ಲೇ ಅಂಗಡಿ ಗಾದಿ ಮ್ಯಾಲ ನಮ್ಮ ಶರಣು ಇರ್ಲಿಲ್ಲ. ಗಾದಿ ಖಾಲಿ ಇತ್ತು. ತಕ್ಕಡಿ ಒಂದೇ ತೂಗಾಕತ್ತಿತ್ತು."

ಶರಣಕುಮಾರನ ಮುಖ ಬಿಳಿಚಿತು. ಹೋಗಬೇಡ ಅಂತ ಯಾರೂ ಅನ್ನಲಿಲ್ಲ. ಹೋಗು ಅಂತಲೂ ಅನ್ನಲಿಲ್ಲ. ಮಾವ ಕೀಲಿ ತಗೊಂಡು ಅಂಗಡಿಗೆ ಹೋದ. ಸ್ವಲ್ಪ ಹೊತ್ತಾದ ಮೇಲೆ ಲಲಿತಾಬಾಯಿ ಅಡಿಗೆಮನೆಗೆ ಬಂದು, "ಕಡ್ಲಿಬ್ಯಾಳಿ ನೆನಿ ಹಾಕೀಯೇನು? ನಾಳಿ ಐವತ್ತು ಮಂದಿ ಅದಾರ," ಅಂದಳು.

ಕೊಹಿನೂರಿನವರು ಹೊತ್ತು ಮುಳುಗುವವರೆಗೂ ದಾರಿ ನೋಡಿದರು. ಕಡೆಗೆ ಮತ್ತೆ ಫೋನು ಬಂತು. "ಮಣ್ಣಾತು," ಅಂದಷ್ಟೇ ಅಣ್ಣ ಹೇಳಿದ. ಹೂರಣ ರುಬ್ಬುವಾಗ ಕಣ್ಣೀರು ಬಿದ್ದರೆ ಹೋಳಿಗೆ ಒಡೆಯುತ್ತದೆ ಅಂತ ಅತ್ತೆ ಹೇಳಿದ್ದಳು. ಅನುರಾಧಾ ಒಂದು ಹನಿ ಬೀಳಿಸಲಿಲ್ಲ. ಒಂದು ಹೋಳಿಗೆಯೂ ಒಡೆಯಲಿಲ್ಲ. ಬೀಗರು ಕೇಳಿ ಕೇಳಿ ಹಾಕಿಸಿಕೊಂಡು ತಿಂದರು.

*

ಅಪ್ಪನಿಗೆ ಕನಸೆಂದರೆ ಹುಕುಮಲ್ಲ, ಆಟ.

ಜೋಳದ ಹೊಲ ಕಾಯಲು ಮಂಚಿಗೆಯ ಮೇಲೆ ತುಣುಕು ತುಣುಕು ನಿದ್ದೆ ಮಾಡಿ ಮಾಡಿ ಅವನಿಗೆ ಅದು ಒಲಿದಿತ್ತು. ಹಕ್ಕಿಗೆ ಕವಣೆ ಬೀಸುತ್ತಿರುವುದು ಎಚ್ಚರದಲ್ಲೋ ಕನಸಿನಲ್ಲೋ ಅಂತ ಕಂಡುಹಿಡಿಯುವುದೇ ಅವನ ಮೋಜು. ಬೆಳಿಗ್ಗೆ ಮಕ್ಕಳು ಕೌದಿಯೊಳಗೆ ಮಿಸುಕಿದರೆ ಸಾಕು, ಬಂದು ಪಕ್ಕದಲ್ಲಿ ಕೂಡುತ್ತಿದ್ದ.

"ಕಣ್ಣ ತೆಗಿಬ್ಯಾಡ. ಹೊಳ್ಳಬ್ಯಾಡ. ಕನಸು ಕರು ಇದ್ದಂಗ. ತಲಿ ಹಿಡ್ಯಾಕ ಹೋದ್ರ ಓಡ್ತದ. ಬಾಲ ಹಿಡಿ. ಕಡೀಗಿ ಏನು ಕಂಡ್ತು? ಅದರ ಮೊದ್ಲು? ಅದರ ಮೊದ್ಲು?" ಅನುರಾಧಾ ಬಾಲ ಹಿಡಿದು ಹಿಂದೆ ಹಿಂದೆ ಹೋಗುವಳು. ಇಡೀ ಕನಸು ಸಿಕ್ಕಾಗ ಅಪ್ಪ ಸ್ವತಃ ಕರು ಹಿಡಿದು ತಂದವನ ಹಾಗೆ ಹಿಗ್ಗುತ್ತಿದ್ದ.

ಇನ್ನೊಂದನ್ನೂ ಅವನೇ ಕಲಿಸಿದ. ಸಂಶಯ ಬಂದರೆ ಒಂದೇ ವಸ್ತುವನ್ನು ಎರಡು ಸಲ ನೋಡಬೇಕು. ಎಚ್ಚರದ ಬಾವಿ ಎರಡು ಸಲ ನೋಡಿದರೂ ಬಾವಿಯೇ. ಕನಸಿನ ಬಾವಿ ಎರಡನೇ ಸಲಕ್ಕೆ ಹಾಳು ಗುಡಿಯಾಗಿರುತ್ತದೆ. "ಇದು ಕನಸು ಅಂತ ಗೊತ್ತಾದ್ರ ಅಂಜಬ್ಯಾಡ, ಜಿಗಿಬ್ಯಾಡ. ತಂಬಾಕ ತಿಕ್ಕಿದಂಗ ಎರಡೂ ಅಂಗೈ ತಿಕ್ಕು. ಕನಸು ನಿಂದರ್ತದ. ಆಮ್ಯಾಲ ಎಲ್ಲಿ ಬೇಕು ಅಲ್ಲಿ ಹೋಗು." ಇಷ್ಟು ಹೇಳಿ ಕಿವಿ ಹಿಂಡುತ್ತಿದ್ದ. "ಕನಸಿನ ಮ್ಯಾಲ ಸುಳ್ಳು ಹೇಳಬಾರ್ದು ಮತ್ತ. ಹೇಳಿದ್ರ ಅದು ಮುನಸ್ಕೊಂತದ, ಮತ್ತ ನಿನ್ನ ಬಾಗ್ಲಿಗಿ ಬರಂಗಿಲ್ಲ."

ಅಪ್ಪ ಸತ್ತ ಮೇಲೆ ಅನುರಾಧಾ ಆ ಆಟವನ್ನು ಮತ್ತೆ ಕೈಗೆತ್ತಿಕೊಂಡಳು. ಈಗ ಅದು ಆಟವಾಗಿರಲಿಲ್ಲ. ಕನಸಿನಲ್ಲಿ ಹೆದ್ದಾರಿಯ ಮೈಲಿಗಲ್ಲು ಕಂಡರೆ ಎರಡು ಸಲ ಓದುವಳು. ಅಕ್ಷರ ಬದಲಾದದ್ದೇ ಅಂಗೈ ತಿಕ್ಕಿ, ಕೊಹಿನೂರಿನ ದಾರಿ ಹಿಡಿಯುವಳು. ಹೊತ್ತು ಮುಳುಗುತ್ತಿದ್ದರೆ ನಿಲ್ಲು ಅನ್ನುವಳು, ನಿಲ್ಲುತ್ತಿತ್ತು. ಹಳ್ಳ ತುಂಬಿದ್ದರೆ ಇಳಿ ಅನ್ನುವಳು, ಇಳಿಯುತ್ತಿತ್ತು. ಮನೆಯ ಮುಂದೆ ಅಪ್ಪನನ್ನು ಕೂಡಿಸಿರುತ್ತಿದ್ದರು. ಆದರೆ ಅವನು ಅವಳಿಗೆ ಬೆನ್ನು ಮಾಡಿ ಕೂತಿರುತ್ತಿದ್ದ. ಸುತ್ತು ಹಾಕಿ ಮುಂದೆ ಬಂದರೆ ಅಲ್ಲೂ ಬೆನ್ನು. ಸೂರ್ಯ ಕೇಳಿದ ಮಾತನ್ನು ಆ ಬೆನ್ನು ಕೇಳುತ್ತಿರಲಿಲ್ಲ.

ಆ ಮುಖ ಸಿಗದ ಸಿಟ್ಟನ್ನು ಅವಳು ಅತ್ತೆಯ ಮೇಲೆ ತೀರಿಸಿಕೊಂಡಳು, ಅದೂ ಕನಸಿನಲ್ಲೇ. ಲಲಿತಾಬಾಯಿಯನ್ನು ಕಾಳು ತುಂಬುವ ಹಗೇವಿಗೆ ಇಳಿಸಿ ಮೇಲೆ ಕಲ್ಲು ಎಳೆದಳು. ಬಾಯಿಗೆ ಹೂರಣ ತುರುಕಿದಳು. ಊರೂರು ಅಲೆಸಿ ಯಾವ ಬಾಗಿಲೂ ತೆಗೆಯದ ಹಾಗೆ ಮಾಡಿದಳು. ಬೆಳಗಾದರೆ ಅದೇ ಲಲಿತಾಬಾಯಿ ಅದೇ ಜಾಗದಲ್ಲಿ ಕೂತು, "ಚಹಾ ಆತೇನು?" ಅನ್ನುತ್ತಿದ್ದಳು. ಕನಸಿನಲ್ಲಿ ಉಂಡ ಊಟದಿಂದ ಯಾರ ಹೊಟ್ಟೆ ತುಂಬಿದೆ?

ಮುಂದೆ ಅತ್ತೆಯ ಕಾಲಿನ ಶಕ್ತಿ ಹೋಗಿ, ಅವಳ ಕೋಣೆಯಲ್ಲೇ ಮಲಗಬೇಕಾಗಿ ಬಂದಾಗ ಅನುರಾಧಾಗೆ ಇನ್ನೊಂದು ಕಂಡಿತು. ಕನಸು ಬಿದ್ದವರ ಕಣ್ಣುಗುಡ್ಡೆ ರೆಪ್ಪೆಯೊಳಗೆ ಓಡಾಡುತ್ತದೆ, ತುಟಿ ಅದುರುತ್ತದೆ. ಲಲಿತಾಬಾಯಿ ಕಲ್ಲಿನ ಹಾಗೆ ಮಲಗುತ್ತಿದ್ದಳು. ಬೆಳಗಿನ ಜಾವ ಎದ್ದು, ಸೂರು ನೋಡುತ್ತ, ಬೆರಳು ಮಡಿಚುತ್ತ ಬಿಚ್ಚುತ್ತ ಏನೋ ಹೊಂದಿಸುತ್ತಿದ್ದಳು. ಖರೆ ಕನಸು ಹರಿದ ಕೌದಿಯ ಹಾಗಿರುತ್ತದೆ, ಎಲ್ಲಿಯ ತುಂಡು ಎಲ್ಲಿಗೋ. ಅತ್ತೆಯ ಕನಸಿಗೆ ಅಂಚು ಸೆರಗು ಎಲ್ಲ ಇರುತ್ತಿತ್ತು. ಅಪ್ಪನ ಮುಖ ತನಗೆ ತಪ್ಪಿದ್ದು ಕನಸಿನಿಂದಲೂ ಅಲ್ಲ, ಐವತ್ತು ಮಂದಿಯ ಹೋಳಿಗೆಯಿಂದ. ಅಂದಿನಿಂದ ಅವಳು ಕಾದಳು.

*

ನಾಲ್ಕಾಗುತ್ತ ಬಂದಿತ್ತು. ಬಾಳೆಕಂಬ ಕಟ್ಟಿದ, ಹೆಣ ಹೊರುವ ವಿಮಾನ ಅಂಗಳದಲ್ಲಿ ಸಿದ್ಧವಾಗಿತ್ತು. ಕ್ರಿಯೆ ಮಾಡಿಸುವ ಅಯ್ಯನವರು ಒಂದೆರಡು ಸಲ ಆಕಾಶ ನೋಡಿದರು.

ಪೂನಂ ಫೋನು ಹಿಡಿದುಕೊಂಡು ಒಳಗೆ ಬಂದಳು. "ಕಲ್ಯಾಣದ ಅಜ್ಜ ರಾಜೇಶ್ವರದ ಹತ್ರ ಅದಾನಂತ. ಟಂಟಂ ಪಂಕ್ಚರ್ ಆಗ್ಯಾದ. ಇನ್ನೊಂದು ತಾಸು ಅಂದ."

"ಕಾಯೋಣ," ಅಂದ ಶರಣಕುಮಾರ.

"ಕಾಯಲೇಬೇಕಲ್ಲಪಾ," ಅಂದ ಧನರಾಜ ಕಾಕಾ, ಅತ್ತಿಗೆಯ ಕಡೆ ನೋಡುತ್ತ. "ವೈನಿ ಜೀವಂತ ಇದ್ದಾಗ ಹೇಳಿದ ಮಾತದು. ಹೊತ್ತು ಮುಳುಗೋತನಾ ಟೈಮ್ ಅದ."

ಅನುರಾಧಾ ಗೋಡೆ ಬಿಟ್ಟು ಎದ್ದು ನಿಂತಳು. ಇಷ್ಟು ವರ್ಷ ಈ ಪಡಸಾಲೆಯಲ್ಲಿ ಅವಳು ಗಂಡಸರೆದುರು ದನಿ ತೆಗೆದವಳಲ್ಲ. ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು.

"ಕಾಕಾ, ಒಂದು ಮಾತು ಹೇಳೋದದರಿ."

"ಹೇಳವ್ವಾ."

"ಇವತ್ತ ಬೆಳಗಿನ ಜಾವ ಏನ ಆತಂದ್ರ..."

ಭಜನೆಯ ತಾಳ ನಿಂತವು. ಕೂತವರೆಲ್ಲ ಅವಳತ್ತ ಹೊರಳಿದರು. ಕೆಲವರು ಅರಿವಿಲ್ಲದೆ ಗೋಡೆಗೆ ಒರಗಿದ್ದ ಲಲಿತಾಬಾಯಿಯತ್ತ ನೋಡಿದರು, ಮಾತು ಅಲ್ಲಿಂದ ಬಂತೇನೋ ಎಂಬಂತೆ.

"ಅತ್ತಿ ಹೊರಗ ಕಟ್ಟಿ ಮ್ಯಾಲ ಕೂತಿದ್ರು. ಒಂದು ಕಾಲಾಗ ಚಪ್ಪಲ್ ಇತ್ತು. ಇನ್ನೊಂದು ಕಾಲಾಗ ಪೂನಂದು ಸಾಲಿ ಬೂಟಿತ್ತು. ಬೂಟು ಯಾಕ ಅಂತ ಕೇಳಬೇಕಂದೆ, ನನಗ ಬಾಯೇ ಬರ್ಲಿಲ್ಲ."

ಹೆಂಗಸರು ತಲೆಯಾಡಿಸಿದರು. ಇಂಥ ಹುಚ್ಚುಚ್ಚಾದದ್ದನ್ನು ಯಾರೂ ಹುಟ್ಟಿಸಿ ಹೇಳಲಾರರು. ಅನುರಾಧಾ ಆ ಬೂಟನ್ನು ವಿಭೂತಿ ಕುಟ್ಟುವಾಗಲೇ ಆರಿಸಿಟ್ಟುಕೊಂಡಿದ್ದಳು.

"ನಾ ಈ ಮನಿ ಮಣ್ಣು, ತವರಿನವರ ಸಲುವಾಗಿ ನನ್ನ ಕೂಡಿಸಬ್ಯಾಡ್ರಿ ಅಂದ್ರು. ತವರಿನ ಸೀರಿ ನನ್ನ ಮೈಮ್ಯಾಲ ಬೀಳಬಾರ್ದು, ತಮ್ಮನ ಕಣ್ಣು ನನ್ನ ಮಾರಿ ಮ್ಯಾಲ ಬೀಳಬಾರ್ದು ಅಂದ್ರು. ಬಿದ್ರ ಗಾದಿ ಖಾಲಿ ಆಗ್ತದ, ತಕ್ಕಡಿ ಒಂದೇ ತೂಗ್ತದ ಅಂದ್ರು."

ಕಡೆಯ ಮಾತನ್ನು ಅವಳು ಗಂಡನ ಮುಖ ನೋಡಿಯೇ ಹೇಳಿದಳು. ಅಂದಿನಿಂದ ಇಂದಿನವರೆಗೆ ಅಂಗಡಿ ಮುಚ್ಚುವ ಮುಂಚೆ ತಕ್ಕಡಿಯನ್ನು ಕೈಯಲ್ಲಿ ಹಿಡಿದು ನಿಲ್ಲಿಸಿ ಬರುವ ಗಂಡಸು ಅವನು. ಅವನ ಕೈ ಎದೆಗೆ ಹೋಯಿತು.

"ಪಾಪ, ಆ ಮುದುಕ ಸೀರಿ ತರಾಕತ್ತಾನಲ್ಲ," ಅಂದಳೊಬ್ಬಳು.

"ಇಷ್ಟು ವರ್ಷ ಆಕಿ ಸೇವಾ ಮಾಡಿದ ಸೊಸಿ. ಈಕಿ ಕಣ್ಣಿಗಿ ಬರದ ಮತ್ಯಾರ ಕಣ್ಣಿಗಿ ಬರತಾಳ?" ಅಂದಳು ಇನ್ನೊಬ್ಬಳು.

ಧನರಾಜ ಕಾಕಾ ಅಯ್ಯನವರ ಕಡೆ ನೋಡಿದ. ಅಯ್ಯನವರು ಗಂಟಲು ಸರಿಮಾಡಿಕೊಂಡರು. "ಹೋದ ಜೀವ ತಾನೇ ಬಂದು ಹೇಳಿದ ಮ್ಯಾಲ ನಾವು ಅಡ್ಡ ಬರೋದೇನದ? ಎತ್ರಿ."

ಜನ ಎದ್ದರು. ಪೂನಂ ತಾಯಿಯ ಹತ್ತಿರ ಬಂದು ಪಿಸುಗುಟ್ಟಿದಳು.

"ಅವ್ವಾ, ರಾತ್ರಿ ನೀ ಮಲಗೇ ಇಲ್ಲ."

"ಕೂತಲ್ಲೇ ಕಣ್ಣು ಹತ್ತಿತ್ತು."

"ನಾ ನಿನ್ನ ಮಗ್ಗಲಕೇ ಇದ್ದೆ."

"ಪತ್ರಿ ಬುಟ್ಟಿ ತಗೊಂಡ್ ಬಾ ಹೋಗು," ಅಂದಳು ಅನುರಾಧಾ.

ಬುಟ್ಟಿಗೆ ಹೋದ ಪೂನಂ ತಿರುಗಿ ಬರುವಷ್ಟರಲ್ಲಿ ಸರ್ದಾರಬಿ ಅನುರಾಧಾಳ ಮಣಿಕಟ್ಟು ಹಿಡಿದು ಬಚ್ಚಲ ಕಡೆ ಎಳೆದಿದ್ದಳು. ಸರ್ದಾರಬಿ ಹಿಂದಿನ ಗಲ್ಲಿಯವಳು, ಲಲಿತಾಬಾಯಿಯ ವಾರಿಗೆಯವಳು. ಇಬ್ಬರೂ ಒಂದೇ ವರ್ಷ ಮದುವೆಯಾಗಿ ಆ ಓಣಿಗೆ ಬಂದವರು.

"ಬೇಟಿ, ನೀ ಝೂಟ್ ಹೇಳಿದಿ."

"ಯಾಕ ಖಾಲಾ? ಕನಸು ಅತ್ತಿಗೊಬ್ಬರಿಗೇ ಬೀಳಬೇಕೇನು?"

"ಲಲಿತಾಗ ಎಲ್ಲಿ ಕನಸು ಬೀಳ್ತಿದ್ವೇ!" ಮುದುಕಿಯ ಕಣ್ಣಲ್ಲಿ ನೀರು ಬಂತು. "ಹುಡುಗಿ ಇದ್ಳು ಆವಾಗ. ಕಲ್ಯಾಣದಾಗ ಆಕಿ ತಾಯಿ ಬೀಮಾರ್ ಬಿದ್ದಿದ್ಳು. ಕಳಸ್ರಿ ಕಳಸ್ರಿ ಅಂತ ಅತ್ತಿ ಮಾವನ ಕಾಲು ಬಿದ್ಳು, ಕಳಸಲಿಲ್ಲ. ಒಂದಿನ ಮುಂಜಾನೆ ಎದ್ದು, ಕನಸಿನ್ಯಾಗ ಈರಭದ್ರದ್ಯಾವರು ಬಂದು ಕಲ್ಯಾಣಕ್ಕ ಹೋಗಿ ಎಣ್ಣಿ ಕೊಡು ಅಂದ ಅಂದ್ಳು ನೋಡು. ಆವತ್ತೇ ಗಾಡಿ ಕಟ್ಟಿದ್ರು. ತಾಯಿ ಬಾಯಾಗ ನೀರು ಬಿಟ್ಟು ಬಂದ್ಳು. ಬಂದು ನನ್ನ ಮುಂದ ಹೇಳಿದ್ಳು, ಸರ್ದಾರಾ, ನನ್ನ ಮಾತು ಈ ಮನ್ಯಾಗ ಯಾರೂ ಕೇಳಂಗಿಲ್ಲ, ನನ್ನ ಕನಸು ಕೇಳ್ತಾರ ಅಂತ. ಆವತ್ತು ಸುರು ಆಗಿದ್ದು."

ಅನುರಾಧಾ ಕೇಳಿಸಿಕೊಂಡಳು. ಹೊಸ ಮಾತು ಅವಳ ಒಳಗೆ ಇಳಿಯಿತು. ಆದರೆ ಅದು ಇಳಿದಲ್ಲಿ ಮೆತ್ತಗಿನದೇನೂ ಇರಲಿಲ್ಲ. ತನ್ನ ತಾಯಿಯ ಬಾಯಿಗೆ ನೀರು ಬಿಡಲು ಕನಸು ಕಟ್ಟಿದವಳು, ಸೊಸೆಯ ಅಪ್ಪ ಸತ್ತ ದಿನ ಕಟ್ಟಿದ್ದೇನು?

"ಅವರಿಗಿ ಕನಸು ಬೀಳ್ತಿರ್ಲಿಲ್ಲ ಅಂತ ನನಗ ಗೊತ್ತದ ಖಾಲಾ. ಹೋಗಿ ಎಲ್ಲರ ಮುಂದ ಹೇಳ್ರಿ. ಸೊಸಿ ಕನಸು ಸುಳ್ಳು ಅನ್ರಿ. ಹ್ಯಾಂಗ ಗೊತ್ತು ಅಂತ ಕೇಳ್ತಾರ. ಅತ್ತಿ ಕನಸೂ ಎಲ್ಲಾ ಸುಳ್ಳಿದ್ವು ಅನ್ರಿ."

ಸರ್ದಾರಬಿ ಬಾಯಿ ತೆರೆದಳು. ಪಡಸಾಲೆಯಲ್ಲಿ ಗಂಡಸರು ಲಲಿತಾಬಾಯಿಯನ್ನು ಎತ್ತುತ್ತಿದ್ದರು. "ಮಯ್ಯತ್ ಮುಂದ, ಹೆಣದ ಮುಂದ ಆಕಿ ಇಜ್ಜತ್ ತೆಗೀಲೇನು ನಾ?" ಅಂದಳು.

"ಮತ್ತ ಸುಮ್ನಿರ್ರಿ."

ಮುದುಕಿ ಕೈ ಬಿಟ್ಟಳು. ದುಪಟ್ಟಾದಿಂದ ಮುಖ ಮುಚ್ಚಿಕೊಂಡು ಬಚ್ಚಲ ಕಟ್ಟೆಯ ಮೇಲೆ ಕೂತುಬಿಟ್ಟಳು. ಮುಂದೆ ಬರಲಿಲ್ಲ.

*

ಹೆದ್ದಾರಿಗೆ ಹತ್ತಿದ ಹೊಲದಲ್ಲಿ, ಮಾವನ ಸಮಾಧಿಯ ಪಕ್ಕ ತೆಗ್ಗು ತೋಡಿದ್ದರು. ತೊಗರಿಯ ಸಾಲುಗಳ ನಡುವೆ ಹೆಂಗಸರು ಒಂದು ಕಡೆ ನಿಂತರು. ಲಲಿತಾಬಾಯಿಯನ್ನು ಮನೆಯ ಹಳೆಯ ಸೀರೆಯಲ್ಲೇ ಇಳಿಸಿ ಕೂಡಿಸಿದರು. ಅಯ್ಯನವರು ಮಂತ್ರ ಹೇಳಿದರು. ಉಪ್ಪು ಬಿತ್ತು, ಪತ್ರಿ ಬಿತ್ತು, ಅನುರಾಧಾ ಕುಟ್ಟಿದ ವಿಭೂತಿ ಬಿತ್ತು.

"ಸೊಸಿ ಬಾರವ್ವಾ, ಮಣ್ಣು ಕೊಡು," ಅಂದ ಕಾಕಾ.

ಅವಳು ತೆಗ್ಗಿನ ಅಂಚಿಗೆ ಹೋದಳು. ಸರಿಯಾಗಿ ಎದುರಿಗೇ ನಿಂತಳು. ಅತ್ತೆಯ ಮುಖ ಪೂರಾ ಕಾಣುತ್ತಿತ್ತು: ಬಿಗಿದ ಪಟ್ಟಿ, ಒಂದು ಕಡೆ ಜಾರಿದ ಮೂಗುಬೊಟ್ಟು, ಮೇಲ್ದುಟಿಯ ನರೆಗೂದಲು. ಯಾರೂ ಅವಸರ ಮಾಡಲಿಲ್ಲ. ಕಣ್ಣು ತುಂಬ ನೋಡಿದಳು. ನೋಡು, ಕಲ್ಯಾಣದ ದಾರಿ ಖಾಲಿ ಅದ ಅಂತ ಮನಸ್ಸಿನಲ್ಲೇ ಹೇಳಿದಳು. ಸಿಟ್ಟು ಇಳಿಯಲಿಲ್ಲ, ಇನ್ನಷ್ಟು ಗಟ್ಟಿಯಾಯಿತು. ಆ ಗಟ್ಟಿತನ ಹಿತವಾಗಿತ್ತು. ಹಿಡಿಮಣ್ಣು ಹಾಕಿ ಹಿಂದೆ ಸರಿದಳು.

ಸನಿಕೆಗಳು ಎದ್ದವು. ಮಣ್ಣು ಎದೆಯವರೆಗೆ ಬಂದಿತ್ತು. ಆಗ ರಸ್ತೆಯ ಕಡೆ ಒಂದು ಟಂಟಂ ನಿಂತ ಸದ್ದಾಯಿತು.

ಬಸವಣಪ್ಪ ಬದುವಿನ ಮೇಲೆ ಓಡುತ್ತಿದ್ದ. ಎಪ್ಪತ್ತರ ಹತ್ತಿರದ ಮುದುಕ ಓಡುವುದೆಂದರೆ ಬೀಳುವುದನ್ನು ಮುಂದೂಡುತ್ತ ಬರುವುದು. ಒಂದು ಕೈಯಲ್ಲಿ ಧೋತರದ ಚುಂಗು, ಇನ್ನೊಂದರಲ್ಲಿ ಅಂಗಡಿಯ ಪ್ಲಾಸ್ಟಿಕ್ ಕವರು. ಕವರಿನೊಳಗೆ ಬದನೆಕಾಯಿ ಬಣ್ಣ.

"ನಿಂದರ್ಸ್ರಿ! ಬಂದೆ! ಬಂದೆ!"

ಧನರಾಜ ಕಾಕಾ ಅಡ್ಡ ಹೋಗಿ ಅವನನ್ನು ದೂರದಲ್ಲೇ ತಡೆದ. ತೆಗೆದ ಮಣ್ಣಿನ ಗುಡ್ಡೆ ನಡುವೆ ಇತ್ತು. ಅಲ್ಲಿಂದ ತೆಗ್ಗು ಕಾಣುತ್ತಿರಲಿಲ್ಲ. "ಬಸವಣಪ್ಪ, ಅಲ್ಲೇ ನಿಂದ್ರಪಾ. ಸಿಟ್ಟಾಗಬ್ಯಾಡ. ಬೆಳಗಿನ ಜಾವ ಸೊಸಿ ಕನಸಿನ್ಯಾಗ ವೈನಿ ಬಂದಿದ್ಳು." ಬಾಕಿಯದನ್ನು ಅವನು ತಗ್ಗಿದ ದನಿಯಲ್ಲಿ ಹೇಳಿದ.

ಮುದುಕ ಏದುಸಿರು ಬಿಡುತ್ತ ಕೇಳಿದ. ಕೂಗಾಡಲಿಲ್ಲ. ಸೀಮೆಯಲ್ಲಿ ಲಲಿತಾಬಾಯಿಯ ಕನಸನ್ನು ಅವನಷ್ಟು ನಂಬಿದವರು ಬೇರೆ ಇರಲಿಲ್ಲ. ಹೊಲ ಕೊಂಡದ್ದು, ಮಗನಿಗೆ ಹೆಣ್ಣು ತಂದದ್ದು, ಎಲ್ಲ ಅಕ್ಕ ಕನಸು ಕಂಡು ಹೇಳಿ ಕಳಿಸಿದ ಮೇಲೆಯೇ.

"ಅಕ್ಕ ಅಂದಾಳಾ?"

"ಹೌದಪಾ."

"ಅಂದಿದ್ರ ಮುಗೀತು. ಸೀರಿ ಬ್ಯಾಡಂದ್ರ ಬ್ಯಾಡ." ಕವರನ್ನು ಸುತ್ತಿ ಕಂಕುಳಿಗೆ ಸಿಗಿಸಿಕೊಂಡ. ಹೆಂಗಸರ ಕಡೆ ಕಣ್ಣಾಡಿಸಿ ಅನುರಾಧಾಳನ್ನು ಹುಡುಕಿ ಹಿಡಿದ. "ಅನುರಾಧಾ, ನನ್ನ ಮ್ಯಾಲ ಸಿಟ್ಟಿನ್ಯಾಗಿದ್ಳೇನವ್ವಾ ಆಕಿ? ದೀಪಾವಳಿಗಿ ಕರಿಲಿಕ್ಕಿ ಬರಲಿಲ್ಲ ಅಂತ ಏನರ ಅಂದ್ಳಾ?"

"ಇಲ್ಲ ಮಾಮಾ," ಅಂದಳು ಅನುರಾಧಾ. "ಏನೂ ಅನ್ನಲಿಲ್ಲ."

ಪೂನಂ ತಾಯಿಯ ಮುಖವನ್ನೇ ನೋಡುತ್ತಿದ್ದಳು.

ಮುದುಕ ಮಣ್ಣಿನ ಗುಡ್ಡೆ ನೋಡಿದ. ಆಮೇಲೆ ಅವನಿಗೇನೋ ಹೊಳೆದ ಹಾಗಾಯಿತು.

"ಕಣ್ಣು ಬೀಳಬಾರ್ದು ಅಂದಾಳಲ್ಲ? ಕೈ ಹಚ್ಚಬಾರ್ದು ಅಂದಿಲ್ಲಲ್ಲ?"

ಧನರಾಜ ಕಾಕಾ ಅಯ್ಯನವರ ಕಡೆ ನೋಡಿದ. ಅಯ್ಯನವರು ಶರಣಕುಮಾರನ ಕಡೆ. ಶರಣಕುಮಾರ ಹೆಂಡತಿಯ ಕಡೆ. ಕನಸು ಯಾರಿಗೆ ಬಿದ್ದಿತ್ತೋ ಅವರೇ ಹೇಳಬೇಕು.

"ನಾ ಕಣ್ಣು ಮುಚ್ಚತೀನಿ," ಅಂದ ಬಸವಣಪ್ಪ. "ನನ್ನ ಕರಕೊಂಡು ಹೋಗಿ ಆಕಿ ತಲಿ ಮ್ಯಾಲ ಒಮ್ಮಿ ಕೈ ಇಡಸ್ರಿ. ಅಷ್ಟೇ. ನೋಡಂಗಿಲ್ಲ ನಾ."

ಅವನು ಅಲ್ಲೇ, ಬದುವಿನ ಮೇಲೆ, ಎರಡೂ ಕಣ್ಣು ಬಿಗಿಯಾಗಿ ಮುಚ್ಚಿದ. ಮಕ್ಕಳು ಮುಚ್ಚಿದ ಹಾಗೆ ಇಡೀ ಮುಖ ಮುದುಡಿಕೊಂಡಿತು. ಬಲಗೈ ಮುಂದೆ ಚಾಚಿದ. ಹೊತ್ತು ತೊಗರಿಯ ತುದಿಗೆ ಬಂದಿತ್ತು. ಸನಿಕೆಗಳು ಅರ್ಧಕ್ಕೆ ನಿಂತಿದ್ದವು. ಎಲ್ಲರೂ ಅನುರಾಧಾಳನ್ನು ನೋಡುತ್ತಿದ್ದರು. ಅವಳು ಆ ಕೈಯನ್ನು ನೋಡುತ್ತಿದ್ದಳು. ಅದು ಗಾಳಿಯಲ್ಲಿ ಈ ಕಡೆ ಆ ಕಡೆ ತಡಕಿತು.

"ಯಾರರ ಒಬ್ಬರು ಕೈ ಹಿಡೀರೆವ್ವಾ," ಅಂದ ಬಸವಣಪ್ಪ.